ಅತ್ತೆಯನ್ನು ತೆಗೆಯುವ ಸಾಫ್ಟ್‌ವೇರ್

ಗಾನಶ್ರೀಯ ನಿಶ್ಚಿತಾರ್ಥ ಮುಗಿದು, ಕೊನೆಯ ನೆಂಟರೂ ಬಾಳೆಹೊನ್ನೂರಿನ ಬಸ್ಸು ಹತ್ತಿದ್ದರು. ಕಾತ್ಯಾಯಿನಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಬಂದು ನಿಂತಳು. ಮಗಳ ಫೋಟೋ ನೋಡುವ ಆತುರ ಯಾವ ತಾಯಿಗೆ ಇರುವುದಿಲ್ಲ? ಆದರೆ ಎರಡೂ ಮನೆಯವರು ಸಾಲಾಗಿ ನಿಂತ ಫೋಟೋ ತೆರೆದದ್ದೇ ತಡ, ಅವಳ ಬೆರಳು ತೆರೆಯ ತುದಿಗೆ ಹೋಗಿ ನಿಂತಿತು.

“ಅಯ್ಯಯ್ಯೋ, ಅತ್ತೆ ಬಂದಿದ್ದಾರಲ್ಲ ಇದರಲ್ಲಿ!”

“ಬರ್ದೆ ಎಂಥ? ಗಾನಾನೇ ಕೈ ಹಿಡಿದು ಎಳ್ಕೊಂಡು ಬಂದಳಲ್ಲ,” ಎಂದ ಗಂಡ ರವಿಶಂಕರ.

“ತುದೀಲಿ ನಿಂತಿದ್ರು, ಫೋಟೋಕ್ಕೆ ಬರೋದಿಲ್ಲ ಅಂದ್ಕೊಂಡಿದ್ದೆ ನಾನು. ಇದೇ ಅಲ್ವಾ ಬೀಗರ ಮನೆಗೆ ಕಳಿಸ್ಬೇಕಾಗಿರೋದು? ಫ್ರೇಮ್ ಹಾಕ್ಸಿ ಜಗಲಿಯಲ್ಲಿ ತೂಗು ಹಾಕ್ತೇವೆ ಅಂತ ಹುಡುಗನ ಅಜ್ಜಿ ಎಷ್ಟು ಸಲ ಹೇಳಿದ್ರು! ಶುಭಕಾರ್ಯದ ಫೋಟೋದಲ್ಲಿ ಬೋಳು ಹಣೆ ಕಂಡ್ರೆ ಆ ಅಜ್ಜಿ ಸುಮ್ನಿರ್ತಾರಾ?”

ಈ ಅತ್ತೆ ಎಂದರೆ ಗಂಡನ ತಾಯಿಯಲ್ಲ. ಮಾವ ಸುಬ್ಬಯ್ಯನವರ ತಂಗಿ ರಾಮಮ್ಮ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಆಲ್ದೂರಿನ ಅಣ್ಣನ ಮನೆಗೆ ಬಂದವರು, ಈಗ ಅರವತ್ತು ದಾಟಿ ವರ್ಷಗಳಾಗಿವೆ. ಅತ್ತಿಗೆ ಬೇಗ ತೀರಿಕೊಂಡಾಗ ರವಿಶಂಕರನಿಗೆ ಅನ್ನ ಕಲಸಿ ತಿನ್ನಿಸಿ ದೊಡ್ಡವನನ್ನಾಗಿ ಮಾಡಿದ್ದು ಅವರೇ. ಕಾತ್ಯಾಯಿನಿ ಸೊಸೆಯಾಗಿ ಬಂದಾಗ ಅವಳ ಸಾರಿಗೊಂದು ರುಚಿ ಹುಟ್ಟಿಸಿದ್ದೂ ಅವರೇ. ಅವರ ಕೋಣೆಯಲ್ಲಿ ಒಂದು ಚಾಪೆ, ಒಂದು ಪೆಟ್ಟಿಗೆ, ಗೋಡೆಯ ಮೇಲೆ ಒಂದು ದೇವರ ಪಟ. ಕನ್ನಡಿ ಇರಲಿಲ್ಲ. ನಿಶ್ಚಿತಾರ್ಥದ ಬೆಳಿಗ್ಗೆ ಗಾನಶ್ರೀ ತನ್ನ ಕನ್ನಡಿಯನ್ನು ಅವರ ಮುಖದ ಮುಂದೆ ಹಿಡಿದಾಗ, “ತೆಗೆಯೇ ಮಾರಾಯ್ತಿ, ಕುಂಕುಮ ಇಡೋರಿಗೆ ಕನ್ನಡಿ ಬೇಕು. ನಂಗೆಂಥಕ್ಕೆ?” ಎಂದು ಕೈಯಲ್ಲೇ ಸರಿಸಿದ್ದರು.

ಈ ಮನೆಯಲ್ಲಿ ಒಂದು ಪದ್ಧತಿ ಬೇರೂರಿತ್ತು. ಆರತಿ ಎತ್ತುವ ಹೊತ್ತಿಗೋ, ಫೋಟೋಕ್ಕೆ ಎಲ್ಲರನ್ನೂ ನಿಲ್ಲಿಸುವ ಹೊತ್ತಿಗೋ, ಯಾರಾದರೊಬ್ಬರು “ರಾಮಮ್ಮ, ಒಲೆ ಮೇಲೆ ಹಾಲಿದೆ ನೋಡಿ” ಎನ್ನುತ್ತಿದ್ದರು. ಒಲೆಯ ಮೇಲೆ ಹಾಲಿರಲಿ, ಬಿಡಲಿ, ರಾಮಮ್ಮ ಎದ್ದು ಒಳಗೆ ಹೋಗುತ್ತಿದ್ದರು. ಹೋಗು ಎಂದವರಿಲ್ಲ, ಹೋದೆ ಎಂದವರಿಲ್ಲ. ಯಾರ ಮನಸ್ಸಿಗೂ ನೋವಾಗದ ಹಾಗೆ ಕೆಲಸ ಮುಗಿಯುತ್ತದೆ ಎಂದು ಮನೆಯವರೆಲ್ಲ ನಂಬಿಕೊಂಡಿದ್ದರು. ನಿಶ್ಚಿತಾರ್ಥದ ದಿನ ಕಾತ್ಯಾಯಿನಿ ಆ ಮಾತು ಆಡಿಯೂ ಆಗಿತ್ತು. ಗಾನಶ್ರೀ ಎಲ್ಲರೆದುರಿಗೇ, “ಹಾಲು ಆಗ್ಲೇ ಇಳ್ಸಿ ಆಯ್ತಮ್ಮ. ಬಾ ರಾಮಜ್ಜಿ” ಎಂದು ಕೈ ಹಿಡಿದು ಎಳೆದುಬಿಟ್ಟಳು. ಬೀಗರ ಮುಂದೆ ಕಾತ್ಯಾಯಿನಿ ಏನು ಹೇಳಿಯಾಳು?

“ತುದೀಲೇ ಇದ್ದಾರಲ್ಲ, ಅಷ್ಟು ಕತ್ತರಿಸಿದ್ರಾಯ್ತು,” ಎಂದಳು ಈಗ.

“ಕತ್ತರಿಸಿದ್ರೆ ಗಾನಾನ ಕೈಯೂ ಹೋಗ್ತದೆ ಮಾರಾಯ್ತಿ. ಉಂಗುರ ಹಾಕಿರೋ ಕೈ ಅದು.”

“ಅದಕ್ಕೆಂಥದೋ ಸಾಫ್ಟ್‌ವೇರ್ ಬರ್ತದೆ ಅಂತಿದ್ರಲ್ಲ ನೀವು? ಕಂಬ, ಮರ, ಮನುಷ್ಯರು, ಎಂಥ ಬೇಕಾದ್ರೂ ಮಾಯ ಮಾಡ್ತದೆ ಅಂತ?”

“ಬರ್ತದೆ.”

“ಹಾಗಾದ್ರೆ ತನ್ನಿ.”

ರವಿಶಂಕರ ಆಲ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಲವತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಫೋಟೋದ ಹುಚ್ಚು ಹತ್ತಿತ್ತು. ಹಿಂದಿನ ವರ್ಷ ಸಂಬಳದ ಬಾಕಿ ಬಂದಾಗ ಡಿಜಿಟಲ್ ಕ್ಯಾಮೆರಾ ತಂದ. ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದ ಮಾರನೆಯ ವಾರ ತೋಟಗಳ ಬೇಲಿಯ ಪಕ್ಕ ಮೊಣಕಾಲೂರಿ ಹೂವಿನ ಫೋಟೋ ತೆಗೆಯುವ ಮೇಷ್ಟ್ರನ್ನು ಕಂಡು ಮಕ್ಕಳು ನಗುತ್ತಿದ್ದರು. ಮಗಳ ನಿಶ್ಚಿತಾರ್ಥಕ್ಕೆ ಸ್ಟುಡಿಯೋದವರೇ ಬೇಡ, ನಾನೇ ಇದ್ದೇನೆ ಎಂದವನೂ ಅವನೇ. ಫ್ಲ್ಯಾಷ್ ಹಾಕಿ ತೆಗೆದಿದ್ದರಿಂದ ಫೋಟೋದಲ್ಲಿ ಎಲ್ಲರ ಕಣ್ಣೂ ಕೆಂಡದ ಹಾಗೆ ಕೆಂಪಗಿತ್ತು. ಅದನ್ನು ಸರಿಮಾಡುವುದಕ್ಕಾದರೂ ಒಂದು ಸಾಫ್ಟ್‌ವೇರ್ ಬೇಕೇ ಬೇಕಿತ್ತು.

ಮರುದಿನ ಅವನು ಚಿಕ್ಕಮಗಳೂರಿಗೆ ಹೋಗಿ ಬಂದ. ಊಟಕ್ಕೆ ಕೂತಾಗ ಬೆಲೆ ಹೇಳಿದ.

“ಮೂವತ್ತು ಸಾವಿರದ ಮೇಲಂತೆ.”

ಕಾತ್ಯಾಯಿನಿಯ ಕೈಯಲ್ಲಿದ್ದ ಹುಳಿಯ ಸೌಟು ಅಲ್ಲೇ ನಿಂತಿತು. “ಕಂಪ್ಯೂಟರಿಗಿಂತ ಜಾಸ್ತಿಯಾ?”

“ಆ ದುಡ್ಡಿಗೆ ಕರು ಸಮೇತ ಎರಡು ಹಸು ಬರ್ತದಲ್ಲೋ,” ಎಂದರು ಸುಬ್ಬಯ್ಯ. ಎಂಬತ್ತರ ಹತ್ತಿರದ ಮುದುಕರು, ಪೌರೋಹಿತ್ಯ ಬಿಟ್ಟರೂ ಬಾಯಿ ಬಿಟ್ಟವರಲ್ಲ. “ಕಣ್ಣಿಗೆ ಕಾಣದ ವಸ್ತುವಿಗೆ ಇಷ್ಟು ಬೆಲೆಯಾ? ದೇವರಿಗೂ ಇಷ್ಟು ದಕ್ಷಿಣೆ ಇಲ್ಲ.”

“ನಂಗೆ ಅಷ್ಟು ದೊಡ್ಡದು ಬೇಡಪ್ಪ. ಕಲಿಯೋರಿಗೆ ಅಂತ ಸಣ್ಣದೂ ಇರ್ತದೆ. ನೋಡ್ತೇನೆ.”

ಸಾಫ್ಟ್‌ವೇರ್ ಯಾಕೆ ಎಂದು ರಾಮಮ್ಮ ಕೇಳಲಿಲ್ಲ. ಬೆಕ್ಕಿಗೆ ಹಾಕುವ ಅನ್ನಕ್ಕೆ ಮಜ್ಜಿಗೆ ಕಲಸುತ್ತ, “ಕಲಿಯೋ ಆಸೆ ಇದ್ರೆ ತಗೊಳ್ಳಲಿ ಬಿಡಣ್ಣ. ಅವ್ನೇನು ಇಸ್ಪೀಟಿಗೆ ಹಾಕ್ತಾನಾ?” ಎಂದರು. ಕಾತ್ಯಾಯಿನಿ ತಲೆಯೆತ್ತದೆ ಮಾವನ ಎಲೆಗೆ ಹುಳಿ ಬಡಿಸಿದಳು.

ಎರಡನೆಯ ಸಲ ರವಿಶಂಕರ ಅದೇ ಮೂವತ್ತು ಸಾವಿರದ್ದನ್ನು ಐವತ್ತು ರೂಪಾಯಿಗೆ ತಂದ. ಬಿಳಿ ಲಕೋಟೆಯಲ್ಲಿ ಒಂದು ಸೀಡಿ, ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಿದ ನಂಬರು. ಕಾತ್ಯಾಯಿನಿಗೆ ಆದ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಸೀಡಿ ಹಾಕಿದ ಮೇಲೆ ಕಂಪ್ಯೂಟರ್ ಮಲಗಿದ್ದು ಏಳಲೇ ಇಲ್ಲ. ರಿಪೇರಿಯವನು ವೈರಸ್ ಎಂದು ಹೇಳಿ ಐನೂರು ಕಿತ್ತುಕೊಂಡ. ಅದೃಷ್ಟಕ್ಕೆ ಫೋಟೋಗಳೆಲ್ಲ ಕ್ಯಾಮೆರಾದಲ್ಲೇ ಉಳಿದಿದ್ದವು.

“ಕದ್ದ ಮಾಲಲ್ಲಿ ಮೊಮ್ಮಗಳ ಶುಭಕಾರ್ಯದ ಫೋಟೋ ಮಾಡೋಕೆ ಹೊರಟಿದ್ಯಲ್ಲ, ಹೀಗೇ ಆಗ್ಬೇಕು,” ಎಂದರು ಸುಬ್ಬಯ್ಯ.

ಮೂರನೆಯದು ಪೂರ್ತಿ ಪುಕ್ಕಟೆ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಸೀಡಿಯಲ್ಲಿ ಬಂದಿತ್ತು. ತೆರೆದರೆ ಒಂದರ ಬದಲು ಮೂರು ಕಿಟಕಿ, ಒಂದನ್ನು ಮುಟ್ಟಿದರೆ ಇನ್ನೊಂದು ಅಡಗುತ್ತಿತ್ತು. ಎರಡು ಭಾನುವಾರ ಗುದ್ದಾಡಿ ರವಿಶಂಕರ ಸಾಧಿಸಿದ್ದು ಆಕಾಶವನ್ನು ಹಸಿರು ಮಾಡುವುದಷ್ಟನ್ನೇ. ಇದು ನಮ್ಮಂಥವರಿಗಲ್ಲ ಎಂದು ಅದನ್ನೂ ಬದಿಗಿಟ್ಟ.

ಅಷ್ಟರಲ್ಲಿ ಹಲಸಿನಕಾಯಿಯ ಹಪ್ಪಳದ ಕಾಲ ಬಂದಿತ್ತು. ರಾಮಮ್ಮ ಆ ಎರಡು ಸೀಡಿಗಳನ್ನು ಕೇಳಿ ತೆಗೆದುಕೊಂಡು, ದಾರ ಕಟ್ಟಿ ಅಂಗಳದ ಹಪ್ಪಳದ ಚಾಪೆಯ ಮೇಲೆ ತೂಗು ಹಾಕಿದರು. ಬಿಸಿಲಿಗೆ ಅವು ಫಳಫಳ ತಿರುಗುತ್ತಿದ್ದರೆ ಕಾಗೆಗಳು ಹತ್ತಿರ ಸುಳಿಯಲಿಲ್ಲ.

“ನೋಡಿದ್ಯಾ ಕಾತ್ಯಾಯಿನಿ, ನಮ್ಮ ರವಿ ತಂದಿದ್ದು ಯಾವ್ದೂ ದಂಡ ಅಲ್ಲ,” ಎಂದು ಅವರು ನಕ್ಕರು.

ಕಾತ್ಯಾಯಿನಿಗೆ ನಗು ಬರಲಿಲ್ಲ. ತನ್ನನ್ನು ಅಳಿಸಲು ತಂದ ಸಾಮಾನಿನಿಂದ ಕಾಗೆ ಓಡಿಸುತ್ತಿರುವ ಈ ಹೆಂಗಸಿನ ಮುಖ ನೋಡುವುದಕ್ಕೆ ಅವಳಿಗೆ ಕಷ್ಟವಾಯಿತು. ಆದರೆ ಅದೇ ಸಂಜೆ ಬಾಳೆಹೊನ್ನೂರಿನಿಂದ ಬೀಗಿತ್ತಿಯ ಫೋನು ಬಂತು. ಫ್ರೇಮಿನವನು ಅಳತೆ ಕೇಳುತ್ತಿದ್ದಾನೆ, ಫೋಟೋ ಯಾವಾಗ ಕಳಿಸುತ್ತೀರಿ, ನಮ್ಮತ್ತೆ ದಿನಾ ಕೇಳುತ್ತಾರೆ ಎಂದರು. ಕಾತ್ಯಾಯಿನಿ ರಿಸೀವರ್ ಇಟ್ಟವಳೇ ಗಂಡನ ಮೇಲೆ ಹರಿಹಾಯ್ದಳು.

“ಮದುವೆ ಮುಗಿದು ಬಸುರಿ ಬಯಕೆ ಮಾಡೋ ಹೊತ್ತಿಗೆ ಫೋಟೋ ಕಳಿಸ್ತೀರಾ? ಒಂದು ದುಬಾರಿ, ಒಂದು ಕಳ್ಳಮಾಲು, ಒಂದು ಅರ್ಥ ಆಗಲ್ಲ. ಹೀಗೆ ಮೀನ ಮೇಷ ಎಣಿಸ್ತಾ ಕೂತ್ರೆ ಹೇಗೆ?”

“ಒಳ್ಳೇದು ಸಿಗ್ಬೇಕಲ್ಲ ಮಾರಾಯ್ತಿ.”

ಕೊನೆಗೆ ನಾಲ್ಕನೆಯದು ಸಿಕ್ಕಿತು. ಒಂದು ತಿಂಗಳು ಸುಮ್ಮನೆ ಉಪಯೋಗಿಸಿ ನೋಡಬಹುದು, ಹಿಡಿಸಿದರೆ ಎರಡೂವರೆ ಸಾವಿರ ಕೊಡಬೇಕು. ಹೊಸಬರಿಗೆಂದೇ ಮಾಡಿದ್ದು. ಕಣ್ಣಿನ ಕೆಂಪು ತೆಗೆಯಲು ಒಂದೇ ಗುಂಡಿ, ಬೇಡದ್ದನ್ನು ಅಳಿಸಲು ಒಂದೇ ಗುಂಡಿ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕಾತ್ಯಾಯಿನಿ ಕುರ್ಚಿ ಎಳೆದುಕೊಂಡು ಗಂಡನ ಪಕ್ಕದಲ್ಲೇ ಕೂತಳು. ಇವತ್ತು ತಪ್ಪಿಸಿಕೊಳ್ಳಲು ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದಳು. ಹಿತ್ತಿಲ ಜಗಲಿಯಲ್ಲಿ ರಾಮಮ್ಮ ಮತ್ತು ಕಾಲೇಜಿನ ರಜೆಗೆ ಬಂದ ಗಾನಶ್ರೀ ಹಪ್ಪಳ ಒತ್ತುತ್ತಿದ್ದರು.

“ಮೊದ್ಲು ಕಣ್ಣಿನ ಕೆಂಪು ತೆಗೆಯೋಣ. ಆಮೇಲೆ ಉಳಿದಿದ್ದು,” ಎಂದ ರವಿಶಂಕರ.

“ಎಂಥದಾದ್ರೂ ತೆಗೀರಿ, ಬೇಗ ತೆಗೀರಿ.”

ಅವನು ಗುಂಡಿ ಒತ್ತಿದ. ತೆರೆಯ ಮೇಲೆ ಮರಳು ಗಡಿಯಾರ ನಿಂತಿತು. ಸ್ವಲ್ಪ ಹೊತ್ತಿಗೆ ಫೋಟೋ ಮರಳಿ ಬಂತು. ಕಣ್ಣುಗಳೆಲ್ಲ ಅಚ್ಚ ಕಪ್ಪು.

“ಅರೆ, ಎಷ್ಟು ಚೆಂದ ಆಯ್ತು ನೋಡಿ!” ಎಂದು ಕಾತ್ಯಾಯಿನಿ ಮುಂದಕ್ಕೆ ಬಾಗಿದಳು. ಬಾಗಿದವಳು ಹಾಗೆಯೇ ಉಳಿದಳು. ಏನೋ ಸರಿಯಿಲ್ಲ. ಏನೆಂದು ತಿಳಿಯಲು ಅರೆಗಳಿಗೆ ಬೇಕಾಯಿತು. ತಿಳಿದ ಕೂಡಲೇ ಅವಳ ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು.

ಫೋಟೋದಲ್ಲಿ ಒಬ್ಬ ಹೆಂಗಸಿನ ಹಣೆಯಲ್ಲೂ ಕುಂಕುಮವಿರಲಿಲ್ಲ. ಅವಳದಿಲ್ಲ, ನಾದಿನಿಯದಿಲ್ಲ, ಬೀಗಿತ್ತಿಯದಿಲ್ಲ, ಗಂಡನ ತೋಳಿಗೆ ಆತು ನಿಂತ ಹುಡುಗನ ಅಜ್ಜಿಯದೂ ಇಲ್ಲ. ಕುಂಕುಮವಿದ್ದ ಜಾಗದಲ್ಲಿ ಬೂದಿ ಮೆತ್ತಿದಂಥ ಕಲೆ. ಹೊಸ ಸೀರೆ ಉಟ್ಟು ನಗುತ್ತ ನಿಂತ ಗಾನಶ್ರೀಯ ಹಣೆಯೂ ಬೋಳು. ತುದಿಯಲ್ಲಿ ರಾಮಮ್ಮ ಮಾತ್ರ ಮೊದಲು ಹೇಗಿದ್ದರೋ ಹಾಗೇ ಇದ್ದರು.

“ರೀ! ಇದೆಂಥ ಮಾಡಿದ್ರಿ! ನನ್ನ ಕುಂಕುಮ!”

ರವಿಶಂಕರನೂ ಬೆಚ್ಚಿದ್ದ. “ಅದಕ್ಕೆ ಗೊತ್ತಾಗಲ್ಲ... ಮುಖದ ಮೇಲೆ ಕೆಂಪಗೆ ದುಂಡಗೆ ಎಂಥ ಕಂಡ್ರೂ ಕಣ್ಣು ಅಂದ್ಕೊಂಡುಬಿಟ್ಟಿದೆ. ತಡಿ, ಹಿಂದೆ ಹೋಗ್ತದೆ, ಮೊದಲಿನ ಹಾಗೇ ಆಗ್ತದೆ...”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳೇನೋ. ಇದು ನಗುವ ಮಾತಾಗಿರಲಿಲ್ಲ. ಅವಳ ಧ್ವನಿ ಮನೆಯೆಲ್ಲ ತುಂಬುವಷ್ಟು ಏರಿತು.

“ಗಂಡ ಬದುಕಿರೋವಾಗ್ಲೇ ಬೋಳು ಹಣೆಯಲ್ಲಿ ನಿಲ್ಸಿದ್ರಲ್ಲ ನನ್ನ! ಮಗಳನ್ನ ನೋಡಿ, ಇನ್ನೂ ತಾಳಿ ಕಟ್ಟಿಲ್ಲ ಅದಕ್ಕೆ! ಎಂಥ ಅನಿಷ್ಟ ಇದು! ಅತ್ತೇನ ತೆಗೀರಿ ಅಂದ್ರೆ ನಮ್ಮ ಕುಂಕುಮ ತೆಗೆದ್ರಲ್ರೀ!”

ಹಿಂದೆ ತಟ್ಟೆಯ ಸದ್ದಾಯಿತು. ರಾಮಮ್ಮ ಬಾಗಿಲಲ್ಲಿ ನಿಂತಿದ್ದರು. ಹೊಸ ಹಪ್ಪಳ ಮೊದಲು ರವಿಗೇ ರುಚಿ ನೋಡಲು ಕೊಡುವುದು ಅವನ ಹುಡುಗತನದಿಂದ ಬಂದ ರೂಢಿ. ಕೆಂಡದಲ್ಲಿ ಸುಟ್ಟ ಎರಡು ಹಪ್ಪಳ ಕೈಯ ತಟ್ಟೆಯಲ್ಲಿದ್ದವು.

ಅವರ ಕಣ್ಣು ಕಂಪ್ಯೂಟರಿನ ಕಡೆ ಹೋಗಲೇ ಇಲ್ಲ.

“ನನ್ನನ್ನ ಎಲ್ಲಿಂದ ತೆಗೀತಾ ಇದ್ದೀಯೋ ರವೀ?”

ರವಿಶಂಕರ ಮೌಸಿನ ಮೇಲಿಟ್ಟಿದ್ದ ಕೈ ಹಿಂದೆಗೆದ. ರಾಮಮ್ಮ ತಟ್ಟೆಯನ್ನು ಕೀಬೋರ್ಡಿನ ಪಕ್ಕ ಇಟ್ಟು, “ಬಿಸಿ ಇದೆ, ತಿನ್ನಿ,” ಎಂದು ಹಿತ್ತಿಲಿಗೆ ಹೋದರು.

ಅವರ ಬೆನ್ನಿಗೇ ಬಂದ ಗಾನಶ್ರೀ ಹೋಗಲಿಲ್ಲ. ಅವಳ ಕೈಯೆಲ್ಲ ಹಿಟ್ಟು.

“ಅಮ್ಮಾ, ನಿಂಗೆ ನಾಚ್ಕೆ ಆಗಲ್ವಾ?”

“ನಿನ್ನ ಒಳ್ಳೇದಕ್ಕೇ ಕಣೇ! ನಾಳೆ ಆ ಮನೇಲಿ ಯಾರಿಗಾದ್ರೂ ಜ್ವರ ಬಂದ್ರೂ, ನೋಡಿ ಆ ಫೋಟೋದಿಂದ ಅಂತಾರೆ. ಕೇಳಿಸ್ಕೊಳ್ಳೋಳು ನೀನು, ನಾನಲ್ಲ!”

“ನಂಗೆ ಸ್ನಾನ ಮಾಡ್ಸಿ ದೊಡ್ಡೋಳ್ನ ಮಾಡಿದ ಕೈ ಅದು. ಆ ಕೈ ಹಿಡಿದ್ರೆ ಅನಿಷ್ಟ ಅನ್ನೋ ಮನೆಗೆ ನಾನ್ಯಾಕೆ ಹೋಗ್ಲಿ?”

“ಬಾಯಿ ಮುಚ್ಚು! ಅಪಶಕುನ ಆಡ್ಬೇಡ!”

ಆ ಮಧ್ಯಾಹ್ನ ಊಟದ ಹೊತ್ತಿಗೆ ರಾಮಮ್ಮ ಬಡಿಸಿ ಒಳಗೆ ಹೋದ ಮೇಲೆ ಸುಬ್ಬಯ್ಯನವರೇ ಬಾಯಿ ತೆರೆದರು.

“ಸೊಸೇನ ಮಾತ್ರ ಬೈದು ಪ್ರಯೋಜನ ಇಲ್ಲ ಗಾನಾ. ಹಾಲು ನೋಡು ಅಂತ ಮೊದ್ಲು ಅಂದವ್ನು ನಾನು. ನಿನ್ನಪ್ಪನ ಉಪನಯನದ ದಿನ. ಹಾಲೂ ಇರ್ಲಿಲ್ಲ, ಎಂಥದೂ ಇರ್ಲಿಲ್ಲ. ಆಮೇಲೆ ಅದೇ ಅಭ್ಯಾಸ ಆಯ್ತು.” ಮಜ್ಜಿಗೆಯನ್ನು ಕುಡಿಯದೆ ಲೋಟ ಕೆಳಗಿಟ್ಟರು. “ಓಟಿನ ಗುರುತಿನ ಚೀಟಿ ಬಿಟ್ರೆ ಅವಳದೊಂದು ಫೋಟೋ ಇಲ್ಲ ಈ ಮನೇಲಿ. ಅದ್ರಲ್ಲೂ ಮನುಷ್ಯರೋ ಮಸಿಯೋ ಗೊತ್ತಾಗಲ್ಲ.”

ಕಾತ್ಯಾಯಿನಿ ಜಗಳಕ್ಕೆ ಸಿದ್ಧಳಾಗಿದ್ದಳು. ಅತ್ತೆ ಅತ್ತರೆ ಸಮಾಧಾನ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡಿದ್ದಳು. ರಾಮಮ್ಮ ಎರಡನ್ನೂ ಮಾಡಲಿಲ್ಲ. ಎಂದಿನಂತೆ ಎದ್ದರು, ಹಾಲು ಕರೆದರು, ದೋಸೆಗೆ ರುಬ್ಬಿದರು, ಒಣಗಿದ ಹಪ್ಪಳವನ್ನು ಡಬ್ಬಿಗೆ ತುಂಬಿ ಬಾಳೆಹೊನ್ನೂರಿನ ಬೀಗರ ಮನೆಗೆಂದು ಒಂದು ಪಾಲು ಬೇರೆ ತೆಗೆದಿಟ್ಟರು. ಕಾತ್ಯಾಯಿನಿಗೆ ಇದನ್ನು ಸಹಿಸುವುದೇ ಹೆಚ್ಚು ಕಷ್ಟವಾಯಿತು.

ಆ ವಾರದ ಕೊನೆಯಲ್ಲಿ ಒಂದು ಬೆಳಿಗ್ಗೆ ಎಲ್ಲರೂ ದೋಸೆಗೆ ಕೂತಿದ್ದಾಗ ರಾಮಮ್ಮ ಕೋಣೆಯಿಂದ ಬಂದು ರವಿಶಂಕರನ ತಟ್ಟೆಯ ಪಕ್ಕ ಒಂದು ಬಟ್ಟೆಯ ಗಂಟು ಇಟ್ಟರು.

“ಇದೆಂಥ ಅತ್ತೆ?”

“ನನ್ನ ಪಿಂಚಣಿ ದುಡ್ಡು. ಪೋಸ್ಟಿನವ್ನು ತಂದು ಕೊಡ್ತಾನಲ್ಲ, ವಿಧವೆಯರದ್ದು. ಖರ್ಚಿಗೆ ನಂಗೆಲ್ಲಿ ಬೇಕು? ಹಾಗೇ ಇತ್ತು.” ಅವರ ಧ್ವನಿಯಲ್ಲಿ ಕೊಂಕಿರಲಿಲ್ಲ. ಕಾತ್ಯಾಯಿನಿ ಕಿವಿಗೊಟ್ಟು ಹುಡುಕಿದಳು, ಇರಲೇ ಇಲ್ಲ. “ಸುಮ್ನೆ ಕೊಟ್ಟಿದ್ದು ಸರಿಯಾಗಿ ಕೆಲ್ಸ ಮಾಡ್ಲಿಲ್ಲ ಅಲ್ವಾ? ಎರಡೂವರೆ ಸಾವಿರ ಅಂತ ಗಾನಾ ಅಂದ್ಳು. ಪೂರ್ತಿ ದುಡ್ಡು ಕೊಟ್ಟು ಒಳ್ಳೇದೇ ತಗೋ. ಉಳಿದೋರ ಕುಂಕುಮಕ್ಕೆ ಏನೂ ಆಗ್ದ ಹಾಗೆ ನನ್ನನ್ನ ಮಾತ್ರ ತೆಗಿ. ಮಗೂನ ಮದುವೆ ಚೆನ್ನಾಗಿ ಆಗ್ಲಿ.”

ಗಾನಶ್ರೀ ತಟ್ಟೆ ಬಿಟ್ಟು ಎದ್ದು ಹೋದಳು. ರವಿಶಂಕರ ಆ ಗಂಟನ್ನು ಮುಟ್ಟಲೂ ಇಲ್ಲ, ದೂಡಲೂ ಇಲ್ಲ, ತಲೆ ತಗ್ಗಿಸಿ ಕೂತ. ಕಾತ್ಯಾಯಿನಿ ಚಟ್ನಿಯ ಪಾತ್ರೆ ಹಿಡಿದು ನಿಂತಲ್ಲೇ ನಿಂತಿದ್ದಳು. ಯಾರೋ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತಾನು ಮಾಡಹೊರಟದ್ದು ಏನೆಂದು ಅವಳಿಗೆ ಆಗ ಕಂಡಿತು.

ಆ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಅವಳು ಪಾತ್ರೆ ಇಟ್ಟು, ಗಂಟನ್ನು ಎತ್ತಿ ರಾಮಮ್ಮನ ಕೈಗೇ ಕೊಟ್ಟು, ಆ ಕೈಯನ್ನು ಮುಚ್ಚಿದಳು.

“ಒಳಗಿಡಿ ಅತ್ತೆ ಇದನ್ನ.” ಮುಂದಿನ ಮಾತು ಗಂಡನಿಗೆ. “ಏಳಿ. ಫೋಟೋ ಮೊದ್ಲು ಹೇಗಿತ್ತೋ ಹಾಗೇ ಸೀಡಿಗೆ ಹಾಕಿ. ಇವತ್ತೇ ಚಿಕ್ಕಮಗಳೂರಿಗೆ ಹೋಗಿ ಪ್ರಿಂಟ್ ಹಾಕ್ಸೋಣ.”

“ಕಣ್ಣೆಲ್ಲ ಕೆಂಪಗಿದೆಯಲ್ಲ?”

“ಇರ್ಲಿ. ನಿದ್ದೆಗೆಟ್ಟಿದ್ರು ಅಂದ್ಕೊಳ್ತಾರೆ.”

“ಬೇಡ ಕಾತ್ಯಾಯಿನಿ,” ಎಂದರು ರಾಮಮ್ಮ ಗಾಬರಿಯಿಂದ. “ಆ ಅಜ್ಜಿ ಎಂಥಾದ್ರೂ ಅಂದ್ರೆ?”

“ಅಂದ್ರೆ ನಂಗೇ ಅನ್ಲಿ ಅತ್ತೆ.”

ಚಿಕ್ಕಮಗಳೂರಿನ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವನು ಚುರುಕಿನ ಮನುಷ್ಯ. ಫೋಟೋ ತೆರೆದದ್ದೇ ಕೇಳಿದ.

“ಈ ತುದೀಲಿ ಒಬ್ರು ಅಜ್ಜಿ ಬಂದಿದ್ದಾರಲ್ಲ ಮೇಡಂ, ತೆಗೆದುಬಿಡ್ಲಾ? ಐದು ನಿಮಿಷದ ಕೆಲ್ಸ. ಕೈಗೇನೂ ಆಗಲ್ಲ, ಉಂಗುರ ಹಾಗೇ ಇರುತ್ತೆ. ಪ್ರಿಂಟ್ ಹಾಕ್ಸೋರಿಗೆ ಅದಕ್ಕೆ ಬೇರೆ ಚಾರ್ಜೂ ಇಲ್ಲ.”

ಕಾತ್ಯಾಯಿನಿಗೆ ಅರ್ಥವಾಗಲಿಲ್ಲ. “ನಾವು ಹೇಳೋಕ್ಮುಂಚೆ ನಿಮಗೆ ಹೇಗೆ ಗೊತ್ತಾಯ್ತು?”

“ಮದುವೆ ಫೋಟೋ ತಂದೋರು ಸುಮಾರು ಜನ ತೆಗೆಸ್ತಾರೆ ಮೇಡಂ. ಬೊಟ್ಟಿಲ್ದೋರನ್ನ ನೋಡಿದ್ರೆ ನಾವೇ ಕೇಳ್ತೀವಿ.”

ಎಷ್ಟು ಮನೆಗಳ ಜಗಲಿಯಲ್ಲಿ, ಎಷ್ಟು ಫ್ರೇಮುಗಳ ತುದಿಯಿಂದ, ಎಷ್ಟು ಜನ ಹೀಗೆ ಬೇರೆ ಚಾರ್ಜಿಲ್ಲದೆ ಹೋಗಿದ್ದಾರೋ! ಅವಳು ಗಂಡನ ಕಡೆ ತಿರುಗಿದಳು.

“ಇಲ್ಲಿ ಪುಕ್ಕಟೆ ಆಗ್ತದೆ ಅಂತ ನಿಮಗೆ ಗೊತ್ತಿತ್ತಾ?”

“ಮೊದಲ ದಿನವೇ ಗೊತ್ತಿತ್ತು.”

“ಮತ್ತೆ ಇಷ್ಟು ದಿನ ಆ ಸಾಫ್ಟ್‌ವೇರ್ ಈ ಸಾಫ್ಟ್‌ವೇರ್ ಅಂತ...”

“ನಿನ್ನ ಹತ್ರ ಬೇಡ ಅನ್ನೋ ಧೈರ್ಯ ಇರ್ಲಿಲ್ಲ ನಂಗೆ,” ಎಂದ ರವಿಶಂಕರ. “ಹುಡುಕ್ತಾ ಇದ್ರೆ ದಿನ ಹೋಗ್ತದೆ ಅಂದ್ಕೊಂಡೆ.”

ಕಾತ್ಯಾಯಿನಿ ಸ್ಟುಡಿಯೋದವನಿಗೆ ಹೇಳಿದಳು, “ಯಾರನ್ನೂ ತೆಗೀಬೇಡಿ. ಎರಡು ದೊಡ್ಡ ಪ್ರಿಂಟ್ ಹಾಕಿ. ತುದಿ ಕತ್ತರಿಸೀರಿ, ಜೋಕೆ. ಅವ್ರ ಪಕ್ಕ ಸ್ವಲ್ಪ ಗೋಡೆನೂ ಬರ್ಲಿ.”

ಒಂದು ಪ್ರಿಂಟು ಬಾಳೆಹೊನ್ನೂರಿಗೆ ಹೋಯಿತು, ರಾಮಮ್ಮನ ಹಪ್ಪಳದ ಡಬ್ಬಿಯ ಜೊತೆ. ಬೀಗಿತ್ತಿ ಫೋನು ಮಾಡಿ ಹಪ್ಪಳ ಬಹಳ ಚೆನ್ನಾಗಿದೆ ಎಂದರು. ಫೋಟೋದ ವಿಚಾರ ಎತ್ತಲಿಲ್ಲ. ಕಾತ್ಯಾಯಿನಿಯೂ ಕೇಳಲಿಲ್ಲ.

ಇನ್ನೊಂದು ಪ್ರಿಂಟು ಫ್ರೇಮು ಹಾಕಿಸಿಕೊಂಡು ಮನೆಗೆ ಬಂದ ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ರವಿಶಂಕರ ಪೇಪರಿನ ಹೊದಿಕೆ ಬಿಚ್ಚತೊಡಗಿದ್ದೇ ತಡ, ರಾಮಮ್ಮ ಅಭ್ಯಾಸಬಲದಿಂದ ಎದ್ದು ನಿಂತರು.

“ಒಲೆ ಮೇಲೆ ಹಾಲಿಟ್ಟಿದ್ದೆ...”

“ಹಾಲು ನಾನು ನೋಡ್ತೇನೆ. ನೀವು ಫೋಟೋ ನೋಡಿ ಅತ್ತೆ,” ಎಂದು ಕಾತ್ಯಾಯಿನಿ ಅವರ ಭುಜ ಹಿಡಿದು ಕೂರಿಸಿ ತಾನು ಅಡುಗೆಮನೆಗೆ ಹೋದಳು. ಇವತ್ತು ನಿಜವಾಗಿಯೂ ಹಾಲಿತ್ತು. ಕೆನೆ ಕಟ್ಟಿ ಅಂಚಿನ ಸುತ್ತ ಸಣ್ಣಗೆ ಮೇಲೇಳುತ್ತಿತ್ತು. ಅವಳು ಇಕ್ಕಳ ಕೈಗೆತ್ತಿಕೊಂಡಳು.

ನಡುಮನೆಯಿಂದ ರಾಮಮ್ಮನ ಧ್ವನಿ ಕೇಳಿಸಿತು. ಒಬ್ಬೊಬ್ಬರನ್ನೇ ಗುರುತಿಸಿ ಹೆಸರು ಹೇಳುತ್ತಿದ್ದರು. ಇದು ಅಣ್ಣ, ಇದು ಕಾತ್ಯಾಯಿನಿ, ಇದು ಹುಡುಗನ ಅಜ್ಜಿ, ಇದು ನಮ್ಮ ಗಾನಾ, ಎಷ್ಟು ಲಕ್ಷಣವಾಗಿದ್ದಾಳೆ ನೋಡೋ. ಆಮೇಲೆ ಸ್ವಲ್ಪ ತಡೆದು ಕೇಳಿದರು.

“ಈ ತುದೀಲಿ ನಿಂತಿರೋ ಮುದುಕಿ ಯಾರೋ ರವೀ? ಹುಡುಗನ ಕಡೆಯವ್ರಾ?”

ಅತ್ತೆಯ ಕೋಣೆಯಲ್ಲಿ ಕನ್ನಡಿಯಿರಲಿಲ್ಲ. ಇಕ್ಕಳ ಹಿಡಿದ ಕಾತ್ಯಾಯಿನಿಯ ಕೈ ಮೇಲೆ ಏಳಲಿಲ್ಲ. ಅವಳ ಕಣ್ಣೆದುರೇ ಹಾಲು ಉಕ್ಕಿ, ಚುಂಯ್ ಎಂದು ಒಲೆಯ ತುಂಬ ಹರಿಯಿತು.

“ನಮ್ಮ ಕಡೆಯವ್ರೇ ಅತ್ತೆ,” ಎಂದಳು ಅವಳು ಅಲ್ಲಿಂದಲೇ, ಗಟ್ಟಿಯಾಗಿ.